ಹೊಟ್ಟೆ ಮುಚ್ಚದ ಕೌದಿ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಾಲಿನವರು ಬಂದು ಹೋಗಿದ್ದರು, ಬಿಸಿಲು ಇನ್ನೂ ಎದುರುಮನೆಯ ಮಾಳಿಗೆಯಿಂದ ಕೆಳಗೆ ಇಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಅಂಗಳ ಸಾರಿಸಲು ಹೋದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಫಕೀರವ್ವ ಸಗಣಿಯ ಬಕೀಟು ಹಿಡಿದುಕೊಂಡೇ ಒಳಗೆ ಬಂದು, "ಯಕ್ಕಾ, ಹೊಸ್ತಿಲ ಮ್ಯಾಲ ಗಂಟು ಐತಿ," ಅಂದಳು. ನಾನು ಒಲೆಯ ಮುಂದೆ ಕುಳಿತಿದ್ದೆ. "ಯಾವ ಕಡಿ ಐತಿ?" ಎಂದು ಕೇಳಿದೆ. ಬಲಕ್ಕಿದ್ದರೆ ಮನೆಯ ಹಿರಿಯರದು, ಎಡಕ್ಕಿದ್ದರೆ ಕಿರಿಯರದು. ಗಂಡಂದಿರಿಬ್ಬರೂ ತೀರಿಕೊಂಡ ಮೇಲೆ ಆ ಮನೆಯಲ್ಲಿ ಹಿರಿಯಳು ನಾನು, ಕಿರಿಯಳು ಅವಳು, ಮೂರನೆಯವರಿಲ್ಲ. "ಎಡಕ್ಕ," ಅಂದಳು. ಬಕೀಟು ಕೆಳಗಿಟ್ಟು ಕೈ ತೊಳೆದುಕೊಂಡಳು. ನಾನು ಒಲೆಯ ಕಟ್ಟಿಗೆಯನ್ನು ಒಳಗೆ ತಳ್ಳಿದೆ. ರೊಟ್ಟಿ ಸೀದುಹೋಗಿದ್ದು ಇಬ್ಬರಿಗೂ ಆಮೇಲೆ ಗೊತ್ತಾಯಿತು.

ನಮ್ಮದು ಸುಣ್ಣ ಸುಡುವವರ ಊರು. ಊರಿನ ಬಡಗಣ ತುದಿಯಲ್ಲಿ ಭಟ್ಟಿ, ಭಟ್ಟಿಯ ಆಚೆ ಒಂದು ದಾರಿ. ಗಂಟು ಬಂದವರು ಆ ದಾರಿ ಹಿಡಿದು ಹೋಗುತ್ತಾರೆ. ಗಂಟಿನಲ್ಲಿ ಊರಿನ ಎಲ್ಲರ ಹಳೆಯ ಬಟ್ಟೆಯ ಚೂರುಗಳಿರುತ್ತವೆ. ಯಾರು ಕತ್ತರಿಸಿದರು, ಯಾವಾಗ ಕತ್ತರಿಸಿದರು ಎಂದು ನಾವು ಕೇಳುವುದಿಲ್ಲ. ಆ ಚೂರುಗಳಿಂದ ಊರಿನ ಹೆಂಗಸರು ಕೂಡಿ ಒಂದು ಕೌದಿ ಹೊಲಿಯಬೇಕು. ಗಂಟು ಬಂದವರಿಗೆ ಆ ಗಳಿಗೆಯಿಂದ ನಿದ್ದೆ ಇಲ್ಲ. ಕೌದಿ ಮುಗಿದ ದಿನ ಅದನ್ನು ಹೊದ್ದು ಮಲಗುತ್ತಾರೆ, ಬೆಳಗಾದರೆ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಾರೆ. ತಿರುಗಿ ಬಂದವರನ್ನು ನಾನು ಕಂಡಿಲ್ಲ, ನನ್ನ ಅತ್ತೆಯೂ ಕಂಡಿರಲಿಲ್ಲ. ಹಿಂದೆ ಯಾವುದೋ ವರ್ಷ ಹೆಂಗಸರು ಹೊಲಿಯುವುದಿಲ್ಲ ಎಂದು ಹಟ ಹಿಡಿದು ಮನೆಯಲ್ಲೇ ಕುಳಿತರಂತೆ. ಮರುದಿನ ಪ್ರತಿ ಮನೆಯ ಹೊಸ್ತಿಲ ಮೇಲೂ ಒಂದೊಂದು ಗಂಟು ಇತ್ತಂತೆ. ಆಮೇಲೆ ಯಾರೂ ಹಟ ಹಿಡಿದಿಲ್ಲ.

ಅವತ್ತು ಮಧ್ಯಾಹ್ನದಿಂದಲೇ ಜನ ಬರಲು ಶುರುಮಾಡಿದರು. ಗಂಟು ಬಂದ ಮನೆಗೆ ಎರವಲು ತಂದದ್ದನ್ನು ತಿರುಗಿ ಕೊಡುವುದು ನಮ್ಮಲ್ಲಿ ರೂಢಿ. ಒಬ್ಬರು ಒನಕೆ ತಂದರು, ಒಬ್ಬರು ಸಾಣಿಗೆ ತಂದರು. ಫಕೀರವ್ವ ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೂ ತಿರುಗಿಸಿ ನೋಡಿ ಇಳಿಸಿಕೊಂಡಳು. "ಈ ಸಾಣಿಗಿ ಕೇಳಿ ಕೇಳಿ ನನ್ನ ಹಲ್ಲು ಉದುರಿದ್ವು. ಇವತ್ತ ನೆನಪಾತೇನ ನಿಮಗ? ಗಂಟು ಮೊದಲ ಬರಬೇಕಿತ್ತು ನೋಡು, ಮನಿ ಸಾಮಾನ ಮನ್ಯಾಗ ಇರ್ತಿದ್ವು," ಅಂದಳು. ತಂದವರು ನಕ್ಕರು. ನಾನು ಒಳಗೆ ಹೋಗಿ ನೀರು ಕುಡಿದೆ. ನನಗೆ ಮೊದಲಿನಿಂದಲೂ ಮಾತು ಕಡಿಮೆ, ಆ ಮನೆಗೆ ಮಾತು ತಂದವಳೇ ಅವಳು. ಅವಳು ಮದುವೆಯಾಗಿ ಬಂದಾಗ ಅತ್ತೆ ಒಂದೇ ಹಸಿರು ಸೀರೆಯನ್ನು ನಡುವೆ ಹರಿದು ನಮ್ಮಿಬ್ಬರಿಗೂ ಕೊಟ್ಟಿದ್ದರು. "ಇನ್ನ ಮ್ಯಾಲ ಜಗಳಾಡಿದ್ರ ಅರ್ಧ ಸೀರಿ ಉಟ್ಟು ಜಗಳಾಡ್ರಿ," ಅಂದಿದ್ದರು. ಜಗಳಾಡಿದೆವು ಕೂಡ. ಒಲೆ ಮಾತ್ರ ಎರಡಾಗಲಿಲ್ಲ.

ಕೌದಿ ಸಂಘ ಕೂಡುವುದು ಸೋಮವಾರ ಮಧ್ಯಾಹ್ನ, ಹುಸೇನಬಿಯ ಪಡಸಾಲೆಯಲ್ಲಿ. ಅವಳ ಗಂಡ ದರ್ಜಿ. ಅವನಿಗೂ ಹಿಂದೆ ಒಮ್ಮೆ ಗಂಟು ಬಂದಿತ್ತು, ಹೋಗಿಬಿಟ್ಟ. ಅವನ ಹೊಲಿಗೆ ಮಿಷನ್ನು ಇನ್ನೂ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ನಿಂತಿದೆ. ಎದುರಿನ ಗೋಡೆಯಿಂದ ಬಿಸಿಲು ಇಳಿದು ಹೋಗುವವರೆಗೆ ಕೂಡಬೇಕು. ಕೂತವರು ಒಂದಾದರೂ ಹೊಲಿಗೆ ಹಾಕದೆ ಏಳುವಂತಿಲ್ಲ. ಯಾರ ಕೌದಿಯೋ ಅವರು ಮಾತ್ರ ಸೂಜಿ ಮುಟ್ಟುವುದಿಲ್ಲ, ಚಹಾ ಕಾಸಿ ಕೊಟ್ಟು ನಡುವೆ ಕುಳಿತಿರುತ್ತಾರೆ. ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತಲೂ ಹೊಲಿಯುತ್ತ ಒಳಗೆ ಒಳಗೆ ಬರಬೇಕು. ಕೊನೆಗೆ ನಟ್ಟನಡುವೆ ಅಂಗೈ ಅಗಲದ ಜಾಗ ಉಳಿಯುತ್ತದೆ. ಅದಕ್ಕೆ ನಾವು ಕೌದಿಯ ಹೊಟ್ಟೆ ಎನ್ನುತ್ತೇವೆ. ಅದರೊಳಗೆ ಒಣಗಿ ಗಟ್ಟಿಯಾದ ಕಟಿರೊಟ್ಟಿಯ ಒಂದು ಚೂರು ಇಟ್ಟು ಮುಚ್ಚಿದರೆ ಮುಗಿಯಿತು. ಹಾಕಿದ ಹೊಲಿಗೆಯನ್ನು ಬಿಚ್ಚಿ ಉಪಯೋಗವಿಲ್ಲ. ಬೆಳಿಗ್ಗೆ ನೋಡಿದರೆ ಅದು ತಾನೇ ಹಾಕಿಕೊಂಡಿರುತ್ತದೆ.

ಮೊದಲ ಕೆಲವು ಸೋಮವಾರ ನಾವು ಎಂದಿನ ಹಾಗೆ ಹೊಲಿದೆವು. ಕೈಗೆ ರೂಢಿಯಾದ ಕೆಲಸ, ತಡೆದರೂ ತಡೆಯದು. ಶಿವರಾತ್ರಿಯ ಹೊತ್ತಿಗೆ ನೋಡಿದರೆ ಹೊಟ್ಟೆಯಷ್ಟೇ ಉಳಿದಿತ್ತು. ಅವತ್ತು ಎಲ್ಲರೂ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಸೂಜಿ ಕೆಳಗಿಟ್ಟರು. ಆಗ ಮಾತಾಡಿದವಳು ಕಸ್ತೂರಿ. ಹೊರಗಿನ ಊರಿನಿಂದ ನೆರೆಮನೆಗೆ ಸೊಸೆಯಾಗಿ ಬಂದ ಹುಡುಗಿ, ನಮ್ಮ ಪದ್ಧತಿ ಅವಳಿಗೆ ಇನ್ನೂ ಮೈಗೆ ಹತ್ತಿರಲಿಲ್ಲ. "ನಮ್ಮ ತವರೂರ ಮಹಿಳಾ ಮಂಡಳದಾಗ ಹಿಂಗ ಮಾರಿ ಸಣ್ಣ ಮಾಡ್ಕೊಂಡು ಕುಂದ್ರೂದಿಲ್ರಿ ದೊಡ್ಡವ್ವಾ. ಕೂಡಿದಾಗೊಮ್ಮೆ ಆಟ ಆಡ್ತಾರ. ಚಮಚದಾಗ ಲಿಂಬಿಹಣ್ಣು ಇಟ್ಕೊಂಡು ಓಡ್ತಾರ," ಅಂದಳು.

"ಓಡೂ ಮುಂದ ಸೂಜಿ ಎಲ್ಲಿರ್ತೈತವ್ವ?" ಎಂದು ಕೇಳಿದೆ.

"ಸೂಜಿ ಡಬ್ಬ್ಯಾಗ ಇರ್ತೈತ್ರಿ."

ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಕೂಡಬೇಕು ಎಂದು ರೂಢಿಯಿದೆ, ಒಂದು ಹೊಲಿಗೆ ಹಾಕಬೇಕು ಎಂದಿದೆ. ಆಟ ಆಡಬಾರದು ಎಂದು ಯಾರೂ ಹೇಳಿಲ್ಲ.

ನಾನು ಚಿಕ್ಕವಳಿದ್ದಾಗಲೂ ಆಟದಲ್ಲಿ ಮುಂದಿದ್ದವಳಲ್ಲ. ಎರಡನೆಯ ಇಯತ್ತೆಗೆ ಶಾಲೆ ಬಿಡಿಸಿ ಸುಣ್ಣದ ಕಲ್ಲು ಒಡೆಯಲು ಹಾಕಿದರು, ಆಟ ಅಲ್ಲಿಗೇ ಮುಗಿದಿತ್ತು. ಆದರೆ ಆ ವಾರವೆಲ್ಲ ಜೋಳ ಹಸನು ಮಾಡುವಾಗ, ನೀರು ಸೇದುವಾಗ, ನನಗೆ ಆಟದ್ದೇ ಯೋಚನೆ. ಎರಡೂ ಕೈಗೆ ಕೆಲಸ ಇರುವ ಆಟ ಬೇಕು, ಒಂದು ಕೈ ಬಿಡುವಾದರೆ ಸೂಜಿಗೆ ಹೋಗುತ್ತದೆ. ಬಿಸಿಲು ಗೋಡೆ ಇಳಿಯುವ ತನಕ ಎಳೆಯಬೇಕು. ಸೋತವರು ಮುನಿಸಿಕೊಂಡು ಮೂಲೆಗೆ ಹೋಗಿ ಹೊಲಿಯಲು ಕೂರಬಾರದು, ಅದಕ್ಕೆ ಸೋತವರಿಗೂ ಒಂದು ಮೋಜು ಇಟ್ಟಿರಬೇಕು. ಕಸ್ತೂರಿ ದಿನಾ ಸಂಜೆ ಬರುತ್ತಿದ್ದಳು. ನಾವಿಬ್ಬರೂ ಹಿತ್ತಲಲ್ಲಿ ಹುಣಸೆ ಬೀಜ ಹರಡಿಕೊಂಡು ಆಡಿ ನೋಡುತ್ತಿದ್ದೆವು. "ಇದು ಲಗೂನ ಮುಗಿತೈತಿ, ಬ್ಯಾಡ," ಎಂದು ನಾನು ಹೇಳುವುದು, "ಹಂಗಾರ ಇನ್ನೊಂದು ಸುತ್ತು ಹಚ್ಚೂಣ್ರಿ," ಎಂದು ಅವಳು ಹೇಳುವುದು. ಫಕೀರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮುದುಕಿಗೆ ಈಗ ಹುಡುಗಾಟ ಬಂತು. ನನ್ನ ಲಗ್ನದಾಗ ಕುಂಟಪಿಲ್ಲಿ ಆಡಂದ್ರ ಅಳ್ತಿತ್ತು," ಎಂದು ನಗುತ್ತಿದ್ದಳು.

ಆಟ ಹತ್ತಿತು. ಮೊದಲ ಸೋಮವಾರ ಗಜ್ಜಗ ಆಡಿಸಿದೆ. ಅಜ್ಜಿಯರೆಲ್ಲ ಸೀರೆ ಎತ್ತಿ ಕಟ್ಟಿಕೊಂಡು ಕುಳಿತು ಗಜ್ಜಗ ಹಾರಿಸಿ ಹಿಡಿದರು. ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಏಳುವಾಗ ಒಬ್ಬೊಬ್ಬರೂ ಸಾಸಿವೆ ಕಾಳಿನಷ್ಟು ಒಂದು ಹೊಲಿಗೆ ಹಾಕಿದರು. ಇನ್ನೊಂದು ವಾರ ಚಮಚ ಕಚ್ಚಿಕೊಂಡು ಲಿಂಬೆಹಣ್ಣಿನ ಓಟ, ಪಡಸಾಲೆಯಿಂದ ಬಾವಿಯ ತನಕ. ಹುಸೇನಬಿಯ ಬಾಯಲ್ಲಿ ಹಲ್ಲಿಲ್ಲ, ಅವಳ ಚಮಚ ಮೊದಲೇ ಬಿತ್ತು. "ಹಲ್ಲಿದ್ದೋರಿಗೆ ಬ್ಯಾರೆ, ಇಲ್ಲದೋರಿಗೆ ಬ್ಯಾರೆ ಆಟ ಇಡ್ರೆವ್ವ," ಎಂದು ತಗಾದೆ ತೆಗೆದಳು. ಮತ್ತೊಂದು ವಾರ ಒಡಪು ಹೇಳುವ ಆಟ. ಗಂಡನ ಹೆಸರನ್ನು ಒಡಪಿನಲ್ಲಿ ಹೇಳಬೇಕು, ಹೇಳುವಷ್ಟು ಹೊತ್ತೂ ಕೈಯಲ್ಲಿ ತುಂಬಿದ ತಂಬಿಗೆ ತುಳುಕದಂತೆ ಹಿಡಿದಿರಬೇಕು. ಫಕೀರವ್ವ ನಡುವೆ ನಿಂತು ತಂಬಿಗೆಯನ್ನು ತಲೆಯ ಮೇಲೇ ಇಟ್ಟುಕೊಂಡಳು. "ಸುಣ್ಣದ ಭಟ್ಟಿಗೆ ಕಟ್ಟಿಗಿ ಹಾಕಿ ಮಾರಿ ಆಗೈತಿ ಬೂದಿ, ಬಸಲಿಂಗಪ್ಪನ ಜೋಡಿ ಬಾಳೇ ಮಾಡಿ ನಾ ಆಗೇನಿ ಹಳೇ ಕೌದಿ," ಅಂದಳು. ನೀರು ತುಳುಕಲಿಲ್ಲ. ಹೆಂಗಸರು ಕಣ್ಣೀರು ಬರುವ ಹಾಗೆ ನಕ್ಕರು. ಬೇರೆ ಓಣಿಯವರು ಕಟ್ಟೆಗೆ ಬಂದು ನಿಂತು ನೋಡತೊಡಗಿದರು. ಕೌದಿ ಸಂಘದಲ್ಲಿ ಅಂಥ ನಗು ನನ್ನ ಕಾಲದಲ್ಲಿ ಕೇಳಿರಲಿಲ್ಲ.

ಮನೆಯಲ್ಲಿ ಕತೆ ಬೇರೆ ಇತ್ತು. ಮೊದಮೊದಲು ಫಕೀರವ್ವ ನಿದ್ದೆ ಇಲ್ಲದ ಹೊತ್ತನ್ನು ದುಡಿದು ಕಳೆದಳು. ಗೋಡೆಗೆಲ್ಲ ಸುಣ್ಣ ಹಚ್ಚಿದಳು, ಒಣಗಿದ ಮೇಲೆ ಮತ್ತೆ ಹಚ್ಚಿದಳು. ವರ್ಷಕ್ಕಾಗುವಷ್ಟು ಹಪ್ಪಳ ಲಟ್ಟಿಸಿದಳು. ಹೋಳಿ ಕಳೆದ ಮೇಲೆ ಕೈ ಸೋತಿತು. ಗಾಣದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತಿನ ಹಾಗೆ ಮನೆಯೊಳಗೆ ಸುತ್ತುತ್ತಿದ್ದಳು. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಒಮ್ಮೆ ಹಿತ್ತಲಲ್ಲಿ ಕಟ್ಟಿದ್ದ ಆಡನ್ನು ಸತ್ತ ಗಂಡನ ಹೆಸರು ಹಿಡಿದು ಕರೆದಳು, ಕರೆದು ಆಮೇಲೆ ತಾನೇ ನಕ್ಕಳು. ಒಂದು ಬೆಳಿಗ್ಗೆ ಕಾದ ಹಂಚಿನ ಮೇಲೆ ಅಂಗೈ ಊರಿ ನಿಂತಿದ್ದಳು. ನಾನು ಓಡಿಹೋಗಿ ಕೈ ಎಳೆದೆ. "ಬಿಸಿ ಐತೇನು?" ಎಂದು ಕೇಳಿದಳು. ಕೊಬ್ಬರಿಎಣ್ಣೆ ಹಚ್ಚಿ ಬಟ್ಟೆ ಕಟ್ಟಿದೆ. ಆ ಸೋಮವಾರ ಕೈಯಿಂದ ಆಡುವ ಆಟ ಬೇಡವೆಂದು ಹಾಡಿನ ಆಟ ಇಟ್ಟೆ. ನಾನು ಮಾಡಿದ ಬದಲಾವಣೆ ಅಷ್ಟೇ.

ಬಿಸಿಲು ಏರಿದ ಮೇಲೆ ಒಂದು ದಿನ ಅವಳು ನನ್ನ ಪಕ್ಕ ಬಂದು ಕುಳಿತಳು. ನಾನು ಮುಂದಿನ ವಾರಕ್ಕೆಂದು ಬಳೆಚೂರು ಆರಿಸುತ್ತಿದ್ದೆ. "ಯಕ್ಕಾ, ಬರೋ ಸೋಮಾರ ಆಟ ಬ್ಯಾಡ," ಅಂದಳು.

"ಯಾಕ, ಬ್ಯಾಸರಾತೇನು?"

ನನ್ನ ಮುಖವನ್ನೇ ನೋಡುತ್ತ ಕುಳಿತಳು. ಅವಳ ಕಣ್ಣು ಭಟ್ಟಿಯಲ್ಲಿ ದುಡಿಯುವವರ ಕಣ್ಣಿನ ಹಾಗೆ ಕೆಂಪಗಾಗಿದ್ದವು, ರೆಪ್ಪೆ ಬಡಿಯುವುದನ್ನೇ ಮರೆತಿದ್ದವು. "ಬ್ಯಾಸರಿಲ್ಲ. ನೀ ಭಾಳ ಚಂದ ಆಡಸ್ತಿ," ಅಂದಳು. ನಾನು ಆ ಕೊನೆಯ ಮಾತನ್ನಷ್ಟೇ ಇಟ್ಟುಕೊಂಡು ಮತ್ತೆ ಬಳೆಚೂರು ಆರಿಸಿದೆ.

ಹುಸೇನಬಿಗೆ ಮಾತ್ರ ಈ ಆಟಗಳು ಸರಿಬರಲಿಲ್ಲ. ಒಂದು ಸೋಮವಾರ ಎಲ್ಲರೂ ಎದ್ದುಹೋದ ಮೇಲೆ ಚಾಪೆ ಸುತ್ತುತ್ತ, "ನನ್ನ ಗಂಡನ ಕೌದಿ ಹೋಳಿಗಿಂತ ಮೊದಲ ಮುಗಿಸಿಬಿಟ್ರಿ. ಅವಾಗ ಯಾಕ ಈ ಆಟ ನೆನಪಾಗಲಿಲ್ಲ ಕಾಶವ್ವಾ?" ಎಂದು ಕೇಳಿದಳು. ಅವನು ನನ್ನ ಮನೆಯವನಾಗಿರಲಿಲ್ಲ ಎಂಬುದೇ ಉತ್ತರ, ಅದನ್ನು ಅವಳ ಪಡಸಾಲೆಯಲ್ಲಿ ನಿಂತು ಹೇಗೆ ಹೇಳುವುದು. ನಾನು ಚಾಪೆಯ ಇನ್ನೊಂದು ತುದಿ ಹಿಡಿದೆ. ಅವಳೇ ಅಂದಳು: "ನಾನ ಅವಸರ ಮಾಡಿಸಿದ್ದೆ, ಯಾಕಂತ ನಿಮಗ ಹೇಳಿರಲಿಲ್ಲ. ಅಂವ ಗ್ವಾಡಿಗೆ ತಲಿ ಹೊಡ್ಕೊಳ್ಳಾಕತ್ತಿದ್ದ. ಹೋದರ ಹೋಗಲಿ, ಒಮ್ಮೆ ಮಲಗಲಿ ಅಂತ ನಾನ ಎಲ್ಲಾರ ಕೈಕಾಲು ಬಿದ್ದಿದ್ದೆ." ಚಾಪೆಯನ್ನು ಗೋಡೆಗೆ ಒರಗಿಸಿದಳು. "ನಿನಗ ಆಕಿ ಬೇಕು. ಆಕಿಗೆ ಏನು ಬೇಕಂತ ಒಮ್ಮೆ ಕೇಳು."

ನಾನು ಕೇಳಲಿಲ್ಲ. ಕೇಳಿದರೆ ಅವಳು ಹೇಳುತ್ತಾಳೆ ಎಂಬ ಹೆದರಿಕೆ. ಮನೆಗೆ ಬಂದು ರೊಟ್ಟಿಯ ಬುಟ್ಟಿ ತೆರೆದು ಇಬ್ಬರೂ ಉಂಡೆವು. ಅವಳು ತುತ್ತನ್ನು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ಮರೆತು ಕುಳಿತಿದ್ದಳು. ನಾನು ಭುಜ ಅಲುಗಿಸಿದಾಗ ಅಗಿದಳು.

ಹೊಟ್ಟೆಯ ಜಾಗ ಸಣ್ಣದಾಗುತ್ತ ಬಂತು. ಸಾಸಿವೆ ಕಾಳಿನಷ್ಟು ಹೊಲಿದರೂ ಹೊಲಿಗೆ ಹೊಲಿಗೆಯೇ. ಅಂಗೈ ಅಗಲ ಹೋಗಿ ಎರಡು ಬೆರಳು ಹೋಗುವಷ್ಟು ಉಳಿಯಿತು. ಹೊಸ ಆಟಗಳೂ ಮುಗಿಯುತ್ತ ಬಂದವು. ಆಡಿದ್ದನ್ನೇ ತಿರುಗಿ ಆಡಿಸಿದರೆ ಹೆಂಗಸರು ನನ್ನ ಮುಖ ನೋಡಿ ನಗುತ್ತಿದ್ದರು, ಆಟಕ್ಕೆ ನಗುತ್ತಿರಲಿಲ್ಲ. ಕಸ್ತೂರಿಯ ತವರಿನ ಆಟಗಳೆಲ್ಲ ಬರಿದಾಗಿದ್ದವು. "ಇನ್ನೇನು ನೆನಪಾಗವಲ್ಲದ್ರಿ ದೊಡ್ಡವ್ವಾ," ಎಂದು ಕಣ್ಣೊರೆಸಿಕೊಂಡಳು. ನಾನು ರಾತ್ರಿಯೆಲ್ಲ ಯೋಚಿಸಿದರೂ ಏನೂ ಹೊಳೆಯುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳಿಗೆ ನಿದ್ದೆ ಬರುತ್ತಿರಲಿಲ್ಲ, ಇನ್ನೊಬ್ಬಳು ನಿದ್ದೆಗೆಡುತ್ತಿದ್ದಳು.

ಕಾರಹುಣ್ಣಿಮೆ ಸೋಮವಾರವೇ ಬಂತು. ಹಬ್ಬವೆಂದು ಫಕೀರವ್ವ ಬೆಳಿಗ್ಗೆ ತಲೆ ಎರೆದುಕೊಂಡಳು, ತಾನೇ ರೊಟ್ಟಿ ಬಡಿದಳು. ಎಷ್ಟೋ ದಿನದ ಮೇಲೆ ಒಂದೂ ಸೀಯಲಿಲ್ಲ. ಹೊರಡುವಾಗ ಒಂದು ಕಟಿರೊಟ್ಟಿಯ ಚೂರನ್ನು ಸೆರಗಿನಲ್ಲಿ ಕಟ್ಟಿ ನಡುವಿಗೆ ಸಿಕ್ಕಿಸಿಕೊಂಡಳು. ಹಸಿವು ತಿರುಗಿ ಬಂತಲ್ಲ ಎಂದು ನನಗೆ ಸಮಾಧಾನವಾಯಿತು. ದಾರಿಯಲ್ಲಿ, "ಯಕ್ಕಾ, ಇವತ್ತಿನ ಆಟ ನಾ ಹೇಳಲೇನು?" ಎಂದು ಕೇಳಿದಳು. ಅವಳಿಗೂ ಆಡಬೇಕಾಗಿದೆ, ಅಂದರೆ ಅವಳಿಗೂ ಇರಬೇಕಾಗಿದೆ ಎಂದು ನಾನು ತಿಳಿದುಕೊಂಡೆ.

ಆಟ ಹೀಗಿತ್ತು. ಗಂಟಿನಲ್ಲಿ ಉಳಿದ ಚೂರುಗಳಿದ್ದವಲ್ಲ, ಕಣ್ಣು ಕಟ್ಟಿಕೊಂಡು ಒಂದೊಂದನ್ನು ಮುಟ್ಟಿ, ಮೂಸಿ, ಅದು ಯಾರ ಬಟ್ಟೆಯೆಂದು ಹೇಳಬೇಕು. "ಎಲ್ಲಾರೂ ಕಣ್ಣು ಕಟ್ಕೋಬೇಕು, ಒಬ್ರಿಗೊಬ್ರು ಸನ್ನಿ ಮಾಡಬಾರದು," ಅಂದಳು ಫಕೀರವ್ವ.

"ಆಡಸೋರು ಯಾರ್ರಿ ಚಿಗವ್ವಾ?" ಎಂದಳು ಕಸ್ತೂರಿ.

"ನಾನ ಆಡಸ್ತೀನಿ. ನಂಗ ಹ್ಯಾಂಗೂ ಸೂಜಿ ಇಲ್ಲ, ಕೆಲಸ ಇಲ್ಲ. ತರ್ರಿ ಇಲ್ಲೆ ಡಬ್ಬಿ, ಕಣ್ಣು ಕಟ್ಕೊಂಡು ಎಲ್ಲೆರ ಚುಚ್ಚಿಕೊಂಡೀರಿ."

ಸೂಜಿಯ ಡಬ್ಬಿಯನ್ನು ನಾನೇ ತೆಗೆದು ಅವಳ ಮಡಿಲಲ್ಲಿ ಇಟ್ಟೆ. ನಮ್ಮೂರಿನಲ್ಲಿ ಯಾರಿಂದ ಸೂಜಿ ಬಚ್ಚಿಟ್ಟರೂ ಗಂಟು ಬಂದವರಿಂದ ಬಚ್ಚಿಡುವುದಿಲ್ಲ. ತಮ್ಮ ಕೌದಿಯನ್ನು ತಾವೇ ಹೊಲಿದವರು ಅಲ್ಲಿಯ ತನಕ ಒಬ್ಬರೂ ಇರಲಿಲ್ಲ. ಕಸ್ತೂರಿ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿದಳು, ಕೊನೆಗೆ ಫಕೀರವ್ವ ಅವಳ ಕಣ್ಣಿಗೆ ಕಟ್ಟಿದಳು.

ಎಷ್ಟೋ ವಾರಗಳ ಮೇಲೆ ಪಡಸಾಲೆಯಲ್ಲಿ ನಿಜವಾದ ನಗು ಎದ್ದಿತು. ಒಂದು ಚೂರು ಹಿಡಿದು ಹುಸೇನಬಿ, "ಇದು ಸಾಹುಕಾರನ ಧೋತರ," ಎಂದರೆ, "ಅದ ನಿನ್ನ ಸ್ವಂತ ಲಂಗ," ಎಂದು ಫಕೀರವ್ವ ಹೇಳಿದಳು. "ಸಾಹುಕಾರನ ಧೋತರದ ಗುರುತು ನಿಂಗ್ಯಾಕ ಐತಿ, ಅದನ್ನ ಮೊದಲ ಹೇಳು." ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಕೈಗೆ ಒಂದು ಮೆತ್ತನೆಯ ಚೂರು ಬಂತು. ಮುಟ್ಟಿದ ಕೂಡಲೇ ಗೊತ್ತಾಯಿತು, ಅತ್ತೆ ಹರಿದು ಕೊಟ್ಟ ಹಸಿರು ಸೀರೆ. "ಇದು ನಂದು," ಅಂದೆ.

"ಅಲ್ಲ, ನಂದು," ಅಂದಳು ಫಕೀರವ್ವ.

"ನಂದ ಐತಿ. ನಿಂದು ಹರದು ಆಡಿಗೆ ಹಾಸಿದ್ದಿ."

"ನಿಂದನ್ನ ಹಾಸಿದ್ದೆ. ನಿಂಗ ಹೇಳಿರಲಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. "ಇನ್ನೊಮ್ಮೆ ಮೂಸಿ ನೋಡು ಯಕ್ಕಾ, ಅವಸರ ಮಾಡಬ್ಯಾಡ," ಅಂದಳು. ಅವಳ ದನಿ ಸಣ್ಣಗಾಗಿತ್ತು. ನಾನು ಚೂರನ್ನು ಮೂಗಿಗೆ ಹಿಡಿದೆ. ಸುಣ್ಣದ ವಾಸನೆ, ಹೊಗೆಯ ವಾಸನೆ. ನಮ್ಮಿಬ್ಬರಲ್ಲಿ ಯಾರದೆಂದು ಹೇಳುವಂತಿರಲಿಲ್ಲ. ಅಷ್ಟರಲ್ಲಿ ನನ್ನ ಎದುರಿಗೆ ಯಾರೋ ಆಕಳಿಸಿದರು. ಉದ್ದನೆಯ ಆಕಳಿಕೆ, ಹಸುಗೂಸಿನ ಆಕಳಿಕೆಯ ಹಾಗೆ ಕೊನೆಗೆ ಸಣ್ಣದೊಂದು ನರಳಿಕೆ. ಮಾಗಿಯಿಂದ ಈಚೆಗೆ ಆ ದನಿಯಲ್ಲಿ ಆಕಳಿಕೆ ಕೇಳಿರಲಿಲ್ಲ. ಪಡಸಾಲೆಯ ನಗು ಒಂದೊಂದಾಗಿ ನಿಂತಿತು. ಕಣ್ಣಿನ ಬಟ್ಟೆ ಬಿಚ್ಚಲು ಯಾರೂ ಕೈ ಎತ್ತಲಿಲ್ಲ. ನಾನೇ ಮೊದಲು ಬಿಚ್ಚಿದೆ.

ಕೌದಿಯ ಹೊಟ್ಟೆ ಮುಚ್ಚಿತ್ತು. ಹೊಲಿಗೆ ನಮ್ಮ ಸಾಸಿವೆ ಕಾಳಿನ ಹೊಲಿಗೆಯಾಗಿರಲಿಲ್ಲ. ಉದ್ದುದ್ದ, ಸೊಟ್ಟಸೊಟ್ಟ, ಅವಸರದ ಕೆಂಪು ದಾರ. ನಡುವೆ ಕಟಿರೊಟ್ಟಿಯ ಚೂರು ಬಟ್ಟೆಯನ್ನು ಮೇಲಕ್ಕೆ ಎತ್ತಿತ್ತು. ಫಕೀರವ್ವ ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ್ದಳು. ಕೌದಿಯನ್ನು ಗಲ್ಲದ ತನಕ ಎಳೆದುಕೊಂಡು ಅಲ್ಲೇ ಮಿಷನ್ನಿನ ಪಕ್ಕ ಮಗ್ಗುಲಾಗಿದ್ದಳು. ಕಸ್ತೂರಿ, "ಚಿಗವ್ವಾ," ಎಂದು ಹತ್ತಿರ ಹೋದಳು. ಹುಸೇನಬಿ ಅವಳ ಕೈ ಹಿಡಿದು ಕೂರಿಸಿದಳು. "ಯಾರೂ ಎಬ್ಬಿಸಬ್ಯಾಡ್ರಿ," ಅಂದಳು. ಕಣ್ಣಿನ ಬಟ್ಟೆ ಕೊರಳಲ್ಲಿ ಜೋತುಬಿದ್ದ ಹಾಗೆಯೇ ನಾವು ಬಿಸಿಲು ಗೋಡೆ ಇಳಿಯುವ ತನಕ ಕುಳಿತೆವು. ಅವಳು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಹಿಂದೆ ಆ ಗೊರಕೆಗಾಗಿ ಎಷ್ಟೋ ಸಲ ಅವಳೊಂದಿಗೆ ಜಗಳಾಡಿದ್ದೆ.

ರಾತ್ರಿಯೆಲ್ಲ ನಾನು ಅಲ್ಲೇ ಅವಳ ಪಕ್ಕ ಕುಳಿತಿದ್ದೆ. ಬೆಳಿಗ್ಗೆ ಅವಳು ಎದ್ದಳು, ಮುಖ ತೊಳೆದಳು. ಕಣ್ಣು ತಿಳಿಯಾಗಿದ್ದವು. ಹುಸೇನಬಿ ಕೊಟ್ಟ ಚಹಾ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಕೌದಿಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡಳು. ಭಟ್ಟಿಯ ತನಕ ನಾನು ಜೊತೆಗೆ ಹೋದೆ. ಅಲ್ಲಿಂದ ಮುಂದೆ ಯಾರೂ ಹೋಗುವುದಿಲ್ಲ. ನನ್ನ ಮೇಲೆ ಸಿಟ್ಟು ಬಂದಿದೆಯೇ ಎಂದು ಕೇಳಬೇಕೆಂದಿದ್ದೆ. ಅವಳು ನನ್ನ ಕೊರಳಲ್ಲಿ ಹಾಗೇ ಉಳಿದಿದ್ದ ಕಣ್ಣಿನ ಬಟ್ಟೆಯ ಗಂಟನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟಳು.

"ಭಾಳ ಚಲೋ ನಿದ್ದಿ ಆತು ಯಕ್ಕಾ," ಅಂದಳು. "ನೀನೂ ಹೋಗಿ ಮಲಕೋ."

ಆ ಹಸಿರು ಚೂರು ಇನ್ನೂ ನನ್ನ ಹತ್ತಿರ ಇದೆ. ಅವಳದೋ ನನ್ನದೋ ಇವತ್ತಿಗೂ ಗೊತ್ತಾಗಿಲ್ಲ. ಸೋಮವಾರ ಬಂದರೆ ಪಡಸಾಲೆಗೆ ಹೋಗುತ್ತೇನೆ, ಬೇರೆಯವರ ಕೌದಿಗೆ ಎಲ್ಲರ ಹಾಗೆ ಹೊಲಿಗೆ ಹಾಕುತ್ತೇನೆ, ಉದ್ದನೆಯ ಹೊಲಿಗೆ. ನನ್ನ ನೆಗೆಣ್ಣಿ ಫಕೀರವ್ವ ಊರು ಬಿಟ್ಟದ್ದು ಕಾರಹುಣ್ಣಿಮೆಯ ಮರುದಿನ, ಮಂಗಳವಾರ, ಬಿಸಿಲು ಇನ್ನೂ ಮಾಳಿಗೆಯಿಂದ ಇಳಿದಿರಲಿಲ್ಲ.